ಹಳೆ ವರ್ಷದ ಹೂವೋ, ಹೊಸ ವರ್ಷದ್ದೋ

ಕ್ಲನ್, ಶ್ರಾಪ್‌ಶೈರ್
ಜೂನ್ 9

ಪ್ರಿಯ ಲಯನೆಲ್,

‘ಪ್ರಿಯ’ ಎಂಬುದನ್ನು ಓದಿ ಗಾಬರಿಯಾಗಬೇಡ. ಚರಂಡಿ ರಿಪೇರಿಯವರಿಗೂ ನಾನು ಹಾಗೆಯೇ ಬರೆಯುವುದು. ಒಂಬತ್ತು ವರ್ಷ ಬಿಟ್ಟು ಹೆಂಡತಿಯಿಂದ ಪತ್ರ ಬಂದರೆ (ಕಾಗದಪತ್ರಗಳ ಪ್ರಕಾರ ನಾನಿನ್ನೂ ಅದೇ) ಯಾರೋ ಸತ್ತಿರಬೇಕು ಎಂದುಕೊಳ್ಳುತ್ತೀಯ. ಸತ್ತಿರುವುದು ನಿಜ, ಆದರೆ ಮನುಷ್ಯರಲ್ಲ. ಕೂತು ಓದು. ನಾನೂ ಕೂತೇ ಬರೆಯುತ್ತಿದ್ದೇನೆ. ನಿಂತು ಮಾಡುವ ಕೆಲಸಗಳೆಲ್ಲ ಈಚೆಗೆ ಒಂದೊಂದಾಗಿ ನನಗೆ ರಾಜೀನಾಮೆ ಕೊಡುತ್ತಿವೆ.

ನಮ್ಮ ಪ್ಲಮ್ ಮರದ ಕೆಳಗೆ ಚಳಿಗಾಲದಲ್ಲಿ ತಲೆ ತಗ್ಗಿಸಿ ಅರಳುವ ಆ ಬಿಳಿ ಸ್ನೋಡ್ರಾಪ್‌ಗೆ ಹುಳ ಬಿದ್ದಿದೆ. ಎಲೆ ಒಣಗಿದ ಮೇಲೆ ಮೊನ್ನೆ ಅಗೆದು ನೋಡಿದೆ. ಏಳು ಗಡ್ಡೆಗಳಲ್ಲಿ ನಾಲ್ಕು ಟೊಳ್ಳು. ಒಳಗೆ ಆ ದರಿದ್ರ ನೊಣದ ಮರಿಹುಳ, ಭಾನುವಾರದ ಊಟ ಮುಗಿಸಿದ ಪಾದ್ರಿಯಂತೆ ದುಂಡಗೆ ಮಲಗಿತ್ತು. ಉಳಿದ ಮೂರರಲ್ಲಿ ಒಂದನ್ನು ಈ ಪತ್ರದ ಜೊತೆ ಡಬ್ಬಿಯಲ್ಲಿಟ್ಟು ಕಳಿಸಿದ್ದೇನೆ. ಈ ಬಗೆ ಲೋಕದಲ್ಲಿ ಇನ್ನೆಲ್ಲೂ ಇಲ್ಲವೆಂದು ನಿನಗೆ ಗೊತ್ತು. ಯಾಕಿಲ್ಲ ಎಂದು ನನಗೆ ಗೊತ್ತು. ಅದನ್ನು ಹೇಳಲು ಸ್ವಲ್ಪ ಸುತ್ತು ಹಾಕಬೇಕು, ಸಹಿಸಿಕೋ.

ನಾವು ಬೇರೆಯಾದದ್ದಕ್ಕೆ ಊರು ಕಾರಣ ಹುಡುಕಿ ಹುಡುಕಿ ಸೋತಿತು. ಇನ್ನೊಬ್ಬ ಹೆಂಗಸಿಲ್ಲ, ಇನ್ನೊಬ್ಬ ಗಂಡಸಿಲ್ಲ, ಕುಡಿತವಂತೂ ನಿನ್ನ ಒಂದು ಲೋಟ ಸೈಡರ್‌ಗೆ ಮುಗಿಯುತ್ತಿತ್ತು. ಮೂವತ್ತೊಂದು ಚಳಿಗಾಲ ಅಕ್ಕಪಕ್ಕ ಮಂಡಿಯೂರಿ ಕೆಸರನ್ನೇ ನೋಡಿದ್ದೆವು. ಒಂದು ದಿನ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರೆ ಆಡಲು ಮಾತೇ ಹೊಳೆಯಲಿಲ್ಲ. ಇದನ್ನು ಊರಿಗೆ ವಿವರಿಸುವುದು ಹೇಗೆ? ‘ಗುಣಕ್ಕೆ ಗುಣ ಹೊಂದಲಿಲ್ಲ’ ಎಂದುಬಿಟ್ಟೆವು. ಊರಿಗೆ ನಿರಾಶೆಯಾಯಿತು.

ಮೇಜು ಕುರ್ಚಿ ಹಂಚಿಕೊಳ್ಳಲು ಹತ್ತು ನಿಮಿಷ ಸಾಕಾಯಿತು. ನಾಯಿ ನನ್ನ ಅಭಿಪ್ರಾಯ ಕೇಳದೆ ನಿನ್ನ ಕಾರು ಹತ್ತಿತು. ನೂರ ನಲವತ್ತು ಬಗೆಯ ಸ್ನೋಡ್ರಾಪ್‌ಗಳಿಗೆ ಮಾತ್ರ ಎರಡು ವಾರ ಹಿಡಿಯಿತು. ಕೊನೆಗೆ ನಿವೃತ್ತ ಹೆಡ್‌ಮಾಸ್ಟರ್ ಸೆಡ್ರಿಕ್ ಬೆಬ್ ಸಮ್ಮುಖದಲ್ಲಿ, ಎರಡು ಸಾಮ್ರಾಜ್ಯಗಳ ನಡುವೆ ಆಗುವಂಥ ಒಪ್ಪಂದವಾಯಿತು: ಡಿಸೆಂಬರ್ ಮೂವತ್ತೊಂದರೊಳಗೆ ಅರಳುವುದೆಲ್ಲ ನಿನ್ನದು, ಆಮೇಲೆ ಅರಳುವುದೆಲ್ಲ ನನ್ನದು. ಎಲೆ ಕೂಡ ಬರುವ ಮೊದಲೇ, ಅಕ್ಟೋಬರಿನಲ್ಲಿ ಬರಿಮೈಯಲ್ಲಿ ಅರಳಿ ನಿಲ್ಲುವ ಗ್ರೀಸಿನ ರಾಣಿ ಓಲ್ಗಾ ನಿನ್ನ ಪಾಲಿಗೆ ಹೋದಳು. ಕ್ರಿಸ್‌ಮಸ್ ಊಟಕ್ಕೆ ಸರಿಯಾಗಿ ಅರಳಿ ಹಾಜರಾಗುವ ಮಿಸೆಸ್ ಮ್ಯಾಕ್‌ನಮಾರಾ ಕೂಡ ನಿನ್ನವಳಾದಳು. ಜನವರಿ ನಡುವಿನ ಉದ್ದ ಕತ್ತಿನ ಆಟ್ಕಿನ್ಸಿ, ಫೆಬ್ರವರಿಯಲ್ಲಿ ಜೇನಿನ ವಾಸನೆ ಹೊಡೆಯುವ ಆರ್ನಟ್, ಎಲ್ಲರೂ ಮನೆಗೆ ಹೋದ ಮೇಲೆ ಮಾರ್ಚಿನಲ್ಲಿ ಎರಡನೇ ಹೂ ಬಿಡುವ ಸ್ಟ್ರಾಫನ್ ನನಗೆ ಬಂದವು. ಎಣಿಕೆಯಲ್ಲಿ ಹೆಚ್ಚು ನನಗೆ, ಹೊಟ್ಟೆಕಿಚ್ಚು ಬರಿಸುವಂಥವು ನಿನಗೆ. ನ್ಯಾಯವೇ.

ತಕರಾರು ಬಂದದ್ದು ಪ್ಲಮ್ ಮರದ ಕೆಳಗಿನದರ ಮೇಲೆ. ಯಾರೂ ನೆಡದೆ ತಾನಾಗಿ ಹುಟ್ಟಿದ್ದು. ಒಳಗೆ ಪೂರ್ತಿ ಹಸಿರು, ಅಂಚಿನಲ್ಲಿ ಮಾತ್ರ ಉಗುರಿನಷ್ಟು ಬಿಳಿ. ನಮ್ಮಿಬ್ಬರ ತೋಟದಲ್ಲಿ ನಮ್ಮಿಬ್ಬರ ಕಣ್ಣಿಗೂ ಒಟ್ಟಿಗೆ ಬಿದ್ದದ್ದು ಅದೊಂದೇ. ಅದಕ್ಕೋ ಕ್ಯಾಲೆಂಡರಿನ ಪರಿವೆಯಿಲ್ಲ. ಒಂದು ವರ್ಷ ಡಿಸೆಂಬರ್ ಇಪ್ಪತ್ತೆಂಟಕ್ಕೆ ಅರಳಿದರೆ ಇನ್ನೊಂದು ವರ್ಷ ಜನವರಿ ನಾಲ್ಕಕ್ಕೆ. ಆ ಚಳಿಗಾಲದಲ್ಲಿ ಅದು ಯಾವ ದಿನ ಅರಳುತ್ತದೋ ಅದೇ ತೀರ್ಪು ಎಂದು ಸೆಡ್ರಿಕ್ ಹೇಳಿದರು. ಮುಟ್ಟದೆ, ಬಗ್ಗಿ ನೋಡಿದರೆ ಒಳಗಿನ ಹಸಿರು ಕಾಣಬೇಕು, ಆಗ ಅರಳಿತೆಂದು ಲೆಕ್ಕ. ದಿನಾ ಬೆಳಗ್ಗೆ ಹತ್ತಕ್ಕೆ ನೋಟ್‌ಬುಕ್ ಹಿಡಿದು ಬಂದು, ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗನನ್ನು ನೋಡುವಂತೆ ಮೊಗ್ಗನ್ನು ನೋಡಿ ಹೋಗುತ್ತಿದ್ದರು.

ನಕಲು ಮಾಡಿದವಳು ನಾನು, ಲಯನೆಲ್.

ಡಿಸೆಂಬರಿನ ಆ ಕೊನೆಯ ವಾರ ಏಪ್ರಿಲ್‌ನಂಥ ಹಿತವಾದ ಬಿಸಿಲಿತ್ತು. ಇಪ್ಪತ್ತೊಂಬತ್ತರ ಬೆಳಗ್ಗೆ ನೋಡಿದರೆ ಮೊಗ್ಗು ಬಿರಿಯಲು ತಯಾರಾಗಿ ನಿಂತಿದೆ. ನೀನು ಗಾಜಿನ ಮನೆಯಲ್ಲಿ ನಿನ್ನ ಕುಂಡಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ನಾನು ಫ್ರೀಜರಿನಿಂದ ಬಟಾಣಿಯ ಎರಡು ಪೊಟ್ಟಣ ತಂದು ಗಿಡದ ಸುತ್ತ ಕೂರಿಸಿ, ಮೇಲೆ ಮಣ್ಣಿನ ಕುಂಡ ಬೋರಲು ಹಾಕಿದೆ. ಚಳಿಯಾದರೆ ಸ್ನೋಡ್ರಾಪ್ ಬಾಯಿ ಬಿಡುವುದಿಲ್ಲವೆಂದು ನನಗೆ ಕಲಿಸಿದವನು ನೀನೇ. ಸೆಡ್ರಿಕ್ ಬರುವ ಕಾಲು ಗಂಟೆ ಮೊದಲು ತೆಗೆಯುವುದು, ಅವರು ಹೋದ ಮೇಲೆ ಮತ್ತೆ ಹೊದಿಸುವುದು. ನಾಲ್ಕು ದಿನ ಹೀಗೆ. ಕರಗಿದ ಬಟಾಣಿಯನ್ನು ಏನು ಮಾಡುವುದು? ನಮ್ಮ ಸಂಸಾರದ ಕೊನೆಯ ವಾರದಲ್ಲಿ ಸೂಪು, ಕಡುಬು, ಮೀನಿನ ಪಕ್ಕ, ಎಲ್ಲ ಕಡೆ ಬಟಾಣಿಯೇ ಯಾಕಿತ್ತು ಎಂದು ನೀನು ಇವತ್ತಿಗೂ ಯೋಚಿಸುತ್ತಿದ್ದರೆ, ಇದೇ ಕಾರಣ.

ಜನವರಿ ಎರಡಕ್ಕೆ ಬಟಾಣಿ ಮುಗಿದಿತ್ತು, ಬೇಕಾಗಿಯೂ ಇರಲಿಲ್ಲ. ಹೂ ಅರಳಿತು. ಸೆಡ್ರಿಕ್ ಸಮಯ ಬರೆದುಕೊಂಡು ಸಹಿ ಹಾಕಿದರು. ನೀನು ಸುಮ್ಮನೆ ಬಗ್ಗಿ ನೋಡಿ, ಟೋಪಿ ಸರಿಮಾಡಿಕೊಂಡು ಅಂದೆ, “ಸರಿ ಬಿಡು ಹೆಸ್ಟರ್. ಅದಕ್ಕೆ ನಿನ್ನ ಹತ್ರ ಇರೋಕೇ ಇಷ್ಟ ಅಂತ ಕಾಣುತ್ತೆ.”

ನೀನು ಕೂಗಾಡಿದ್ದರೆ ನಾನು ಹಾಯಾಗಿ ಇರುತ್ತಿದ್ದೆ. ಆ ಮಾತು ಮಾತ್ರ ಒಂಬತ್ತು ವರ್ಷ ನನ್ನ ಜೊತೆ ಅಡುಗೆಮನೆಯಲ್ಲಿ ಕೂತು ಊಟ ಮಾಡಿದೆ.

ಗೆದ್ದವಳು ಕನಿಷ್ಠ ಮರ್ಯಾದೆಯಿಂದ ನಡೆದುಕೊಳ್ಳಬೇಕಿತ್ತು. ಸ್ನೋಡ್ರಾಪ್ ಹುಚ್ಚಿನ ನಮ್ಮವರ ಪದ್ಧತಿ ನಿನಗೆ ಗೊತ್ತು. ಹೊಸ ಬಗೆ ಸಿಕ್ಕಿತೋ, ಮೊದಲು ಒಂದು ಗಡ್ಡೆಯನ್ನು ಗೆಳೆಯರಿಗೆ ಕೊಡಬೇಕು, ನಮ್ಮಲ್ಲಿ ಸತ್ತರೂ ಅವರಲ್ಲಿ ಉಳಿಯಲಿ ಎಂದು. ನಾನು ಯಾರಿಗೂ ಕೊಡಲಿಲ್ಲ. ಕೊಟ್ಟರೆ ಎರಡು ಕೈ ದಾಟಿ ಆರು ಮೈಲಿಯಾಚೆ ನೀನಿರುವ ಬಿಷಪ್ಸ್ ಕಾಸಲ್‌ಗೆ ಬರುತ್ತಿತ್ತು, ಅದು ಅಲ್ಲಿ ಡಿಸೆಂಬರಿನಲ್ಲೇ ಅರಳಿದರೆ ನೀನು ನೋಡಿ ನಗುತ್ತಿದ್ದೆ. ಅದಕ್ಕೇ ಪ್ರತಿ ಫೆಬ್ರವರಿ ಮಿಸೆಸ್ ಪ್ರಾಬರ್ಟ್ ಮನೆಯ ಸ್ನೋಡ್ರಾಪ್ ಬೆಳೆಯುವವರ ಊಟದಲ್ಲಿ ಯಾರಾದರೂ ಕೇಳಿದರೆ, ಬುಡ ಇನ್ನೂ ದಪ್ಪವಾಗಲಿ ಎನ್ನುತ್ತಿದ್ದೆ. ಈ ವರ್ಷ ಎಲ್ಲರೂ ಸೂಪು ಮುಗಿಸಿ, ಬೂಟು ಹಾಕಿಕೊಂಡು, ಅವಳ ತೋಟದಲ್ಲಿ ಸಾಲಾಗಿ ಮಂಡಿಯೂರಿದ್ದಾಗ ಅವಳು ಎಲ್ಲರೆದುರಿಗೆ ಕೇಳಿಯೇಬಿಟ್ಟಳು, “ಹೆಸ್ಟರ್, ಅದನ್ನ ಸಮಾಧಿಗೂ ಕಟ್ಕೊಂಡು ಹೋಗ್ತೀಯೇನೇ? ಅಲ್ಲಿ ನಿನ್ನ ಹೂವನ್ನ ಕೆಳಗಿನಿಂದ ನೋಡೋದು ಸುಲಭ, ಅಷ್ಟೇ ಲಾಭ.” ಹದಿನಾಲ್ಕು ಜನ ನಕ್ಕರು. ಮಂಡಿಯೂರಿದವರು ನಕ್ಕರೆ ಏಳಲಾಗುವುದಿಲ್ಲ, ಎಬ್ಬಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ನಾನು ಮನೆಗೆ ಬಂದು, ಇನ್ನು ಕೊಡಬೇಕು ಎಂದು ತೀರ್ಮಾನಿಸಿದೆ. ಜೂನ್ ಬರಲಿ, ಎಲೆ ಒಣಗಲಿ, ಅಗೆದು ಒಬ್ಬೊಬ್ಬರಿಗೂ ಒಂದೊಂದು ಎಂದು. ಜೂನ್ ಬಂತು. ಅಗೆದೆ. ಉಳಿದದ್ದು ನಿನಗೆ ಹೇಳಿದ್ದೇನೆ.

ಈಗ ಕೆಲಸದ ಮಾತು. ಗಡ್ಡೆಯನ್ನು ನೀನು ಕತ್ತರಿಸಿ ಬೆಳೆಸಬೇಕು. ಸೀಳು ಸೀಳಾಗಿ, ಪ್ರತಿ ಸೀಳಿಗೂ ಬುಡದ ಚೂರು ಅಂಟಿಕೊಂಡಿರುವಂತೆ. ಆಮೇಲೆ ತೇವ ಹಿಡಿದಿಡುವ ಪುಡಿ ತುಂಬಿದ ಚೀಲ, ಕತ್ತಲೆ, ಹನ್ನೆರಡು ವಾರ. ಒಂದು ಗಡ್ಡೆಯಿಂದ ಹದಿನಾರು ಮರಿ ಎಬ್ಬಿಸಿದ ಕೈ ಈ ಕಣಿವೆಯಲ್ಲಿ ನಿನ್ನದೊಂದೇ. ನನ್ನ ಬಲಗೈ ಕಳೆದ ಶರತ್ಕಾಲದಿಂದ ನಡುಗುತ್ತಿದೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಕೇಳಿದಾಗ ನನಗನ್ನಿಸಿತು, ಒಳ್ಳೆಯ ಹೂವಿಗೆ ಇಡಬಹುದಾದ ಹೆಸರು, ರೋಗಕ್ಕೆ ಇಟ್ಟು ಹಾಳು ಮಾಡಿದರು. ಟೀ ಕಪ್ಪು ಹಿಡಿದರೆ ತಟ್ಟೆಯ ಜೊತೆ ಹರಟೆ ಹೊಡೆಯುತ್ತದೆ. ಅಂಥ ಕೈಗೆ ಬ್ಲೇಡು ಕೊಡುವುದು ಹೇಗೆ? ಸೆಡ್ರಿಕ್ ತಾವೇ ಮಾಡುತ್ತೇನೆಂದು ಬಹಳ ಉತ್ಸಾಹದಿಂದ ಬಂದರು. ಪರೀಕ್ಷೆಗೆಂದು ಒಂದು ಮಾಮೂಲಿ ಗಡ್ಡೆ ಕೊಟ್ಟೆ. ಎರಡು ನಿಮಿಷದಲ್ಲಿ ಈರುಳ್ಳಿಯಂತೆ ಚೂರಾಗಿ ಬೆಣ್ಣೆಯಲ್ಲಿ ಹುರಿಯಲು ಸಿದ್ಧವಾಗಿತ್ತು.

ಮರಿಗಳು ಬಂದರೆ ಮೊದಲಿನದು ಮಿಸೆಸ್ ಪ್ರಾಬರ್ಟ್‌ಗೆ, ಎರಡನೆಯದು ಸೆಡ್ರಿಕ್‌ಗೆ (ನೆಡಲು ಎಂದು ಸ್ಪಷ್ಟವಾಗಿ ಹೇಳು), ಮಿಕ್ಕದ್ದು ನಿನಗೆ. ನನಗೆ ಕಳಿಸಬೇಕಾಗಿಲ್ಲ, ನನ್ನ ಬಳಿ ಇನ್ನೂ ಎರಡಿವೆಯಲ್ಲ. ಹೂ ಬರಲು ನಾಲ್ಕು ವರ್ಷ ಹಿಡಿಯುತ್ತದೆ. ಹೆಸರು ನೀನೇ ಇಡು. ಬಟಾಣಿಯ ಉಲ್ಲೇಖ ಬೇಡವೆಂಬುದಷ್ಟೇ ನನ್ನ ಕೋರಿಕೆ.

ಕ್ಷಮಿಸು ಎಂದು ಬರೆಯಬೇಕಾದ ಜಾಗ ಇದು. ಬರೆದಿದ್ದೇನೆ ಎಂದುಕೋ. ಜಗಳ ಕಾಯುವುದೂ ಗಿಡ ಕಾಯುವಷ್ಟೇ ಕೆಲಸ, ಲಯನೆಲ್. ಎರಡಕ್ಕೂ ದಿನಾ ಬಗ್ಗಬೇಕು. ನನ್ನ ಸೊಂಟ ಇನ್ನು ಒಂದಕ್ಕೆ ಮಾತ್ರ ಸಾಕು.

ಬಹಳ ದಣಿದಿರುವ,
ಹೆಸ್ಟರ್

ಮತ್ತೆ: ಅಂಚೆಗೆ ಹಾಕಲು ಹೊರಟವಳು ಗೇಟಿನ ತನಕ ಹೋಗಿ ವಾಪಸು ಬಂದೆ. ಮೂರು ಉಳಿದಿವೆ ಎಂದದ್ದು ಸುಳ್ಳು. ಏಳರಲ್ಲಿ ಆರು ಹೋದವು. ನಿನ್ನ ಡಬ್ಬಿಯಲ್ಲಿರುವುದೇ ಕೊನೆಯದು. ಗೊತ್ತಾದರೆ ನಿನ್ನ ಕೈಯೂ ನಡುಗೀತು ಎಂದು ಹೇಳಿರಲಿಲ್ಲ. ಆದರೆ ಒಂದೇ ಹೂವಿನ ವಿಷಯದಲ್ಲಿ ನಿನಗೆ ಎರಡು ಸಲ ಮೋಸ ಮಾಡುವಷ್ಟು ಶಕ್ತಿ ನನಗೀಗ ಇಲ್ಲ. ಕತ್ತರಿಸಲು ಧೈರ್ಯ ಬಾರದಿದ್ದರೆ ಇಡೀ ಗಡ್ಡೆಯನ್ನೇ ಕುಂಡದಲ್ಲಿ ನೆಡು. ಯಾವ ವರ್ಷದ ಲೆಕ್ಕಕ್ಕೆ ಅರಳಿದರೂ ಸರಿ, ಅರಳಿದ ದಿನ ಒಂದು ಫೋನ್ ಮಾಡು. ಕ್ಲನ್‌ನಿಂದ ಬೆಳಗ್ಗೆ ಒಂದು ಬಸ್ಸಿದೆ, ವಿಚಾರಿಸಿಟ್ಟುಕೊಂಡಿದ್ದೇನೆ.