ಇಲ್ಲದ ಲೀಡರ್‌ಗೆ ನೂರಕ್ಕೆ ತೊಂಬತ್ತೆಂಟು

ಹಾಸ್ಟೆಲ್ ಕೋಣೆ,
ಮಂಗಳವಾರ ಮಧ್ಯಾಹ್ನ

ಲಾಂಡ್ರಿ ಸಾಮ್ರಾಜ್ಯದ ಏಕೈಕ ಒಡತಿಯಾದ ನನ್ನ ಅಮ್ಮನಿಗೆ,

ಕಾಲರ್ ಇಸ್ತ್ರಿ ಮಾಡಲು ಇವತ್ತಿಗೂ ಬಾರದ ನಿನ್ನ ಮಗಳು ಸಾಷ್ಟಾಂಗ ಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ಕ್ಷೇಮ. ನನ್ನ ಮರ್ಯಾದೆ ಮಾತ್ರ ಕ್ಷೇಮವಾಗಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಾದರೆ ನಾನು ಅಮ್ಮಾ ಅನ್ನುವಷ್ಟರಲ್ಲಿ ನೀನು ಬೈದು ಮುಗಿಸಿರುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗದು. ಪೂರ್ತಿ ಓದು, ಆಮೇಲೆ ಬೈ.

ಬಿಸಿನೆಸ್, ಲೀಡರ್‌ಶಿಪ್, ಇನ್ನೋವೇಶನ್ ಅಂತ ಮೊಳದುದ್ದ ಹೆಸರಿನ ಈ ಕೋರ್ಸಿಗೆ ನನ್ನನ್ನು ಸೇರಿಸುವಾಗ, ‘ಮೂರರಲ್ಲಿ ಒಂದಾದ್ರೂ ತಲೆಗೆ ಹತ್ತುತ್ತೇನೇ ನಿಂಗೆ?’ ಅಂತ ಕೇಳಿದ್ದೆ. ಒಂದು ವಿಷಯದಲ್ಲಿ ಫೇಲಾದರೂ ಸರಿ, ಪೆಟ್ಟಿಗೆ ಕಟ್ಟಿಕೊಂಡು ಬಂದು ಲಾಂಡ್ರಿ ಕೌಂಟರಿನಲ್ಲಿ ಕೂರಬೇಕು ಅಂತ ಕರಾರೂ ಹಾಕಿದ್ದೆ. ಆ ಕರಾರು ಈಗ ನನ್ನ ಕುತ್ತಿಗೆಗೆ ಬಂದಿದೆ.

ಈ ಸಲ ನಮಗೆ ಕೊಟ್ಟ ಕೆಲಸ ಇಷ್ಟು: ನಾಲ್ಕು ಜನ ಸೇರಿ ಒಂದು ಹೊಸ ವಸ್ತು ಮಾಡಬೇಕು, ಅದನ್ನು ಕೊಳ್ಳುವವರನ್ನೂ ಹುಡುಕಬೇಕು. ಅಂಗಡಿ ಬಾಗಿಲಲ್ಲಿ ಒದ್ದೆ ಕೊಡೆಗಳನ್ನು ತೂಗುಹಾಕುವ, ಕೆಳಗಿನ ತಟ್ಟೆಯಲ್ಲಿ ನೀರು ಹಿಡಿಯುವ ಒಂದು ಸ್ಟ್ಯಾಂಡ್ ಮಾಡೋಣ ಅಂದೆ. ಎಲ್ಲರೂ ಒಪ್ಪಿದರು. ಒಪ್ಪುವುದರಲ್ಲಿ ನಮ್ಮ ಗುಂಪನ್ನು ಮೀರಿಸುವವರಿಲ್ಲ.

ಗುಂಪಿನ ಮಹಾಪುರುಷರನ್ನು ಪರಿಚಯಿಸುತ್ತೇನೆ. ಮೊದಲನೆಯವನು ದೂರದೃಷ್ಟಿ. ಇನ್ನು ಹತ್ತು ವರ್ಷಕ್ಕೆ ನಮ್ಮ ಸ್ಟ್ಯಾಂಡ್ ಎಲ್ಲಿರುತ್ತದೆ ಅಂತ ಅವನಿಗೆ ಗೊತ್ತು, ಇವತ್ತು ಮೊಳೆ ಎಲ್ಲಿದೆ ಅಂತ ಗೊತ್ತಿಲ್ಲ. ಎರಡನೆಯವಳು ಸ್ಲೈಡಮ್ಮ. ಸ್ಟ್ಯಾಂಡ್ ಹುಟ್ಟುವ ಮೊದಲೇ ಅದರ ಬಗ್ಗೆ ಬಣ್ಣಬಣ್ಣದ ಸ್ಲೈಡುಗಳನ್ನು ಮಾಡಿಟ್ಟವಳು. ಮೂರನೆಯವನು ಪರಿಚಯರಾಯ. ಜಗತ್ತಿನಲ್ಲಿ ಅವನಿಗೆ ಪರಿಚಯವಿಲ್ಲದವರು ಇನ್ನೂ ಹುಟ್ಟಬೇಕು. ಮೂವರೂ ಲೀಡರ್‌ಗಳು. ಉಳಿದ ಪ್ರಜೆ ನಾನೊಬ್ಬಳೇ.

ಸಂಜೆಯೊಳಗೆ ಒಬ್ಬೊಬ್ಬರೂ ಐದು ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬನ್ನಿ ಅಂತ ನಾನು ಮೆಸೇಜ್ ಹಾಕಿದೆ. ಮೂರು ಹೆಬ್ಬೆರಳು ಮೇಲೆದ್ದವು. ಮೂರು ಜೊತೆ ಕಾಲುಗಳು ಮಾತ್ರ ಏಳಲಿಲ್ಲ. ಕೇಳಿದರೆ ದೂರದೃಷ್ಟಿ, ‘ನೀನ್ಯಾಕೆ ಆರ್ಡರ್ ಮಾಡ್ತೀಯ?’ ಅಂದ.

ಆಗ ನನ್ನ ತಲೆಯೊಳಗೆ ನಿನಗೆ ಚೆನ್ನಾಗಿ ಗೊತ್ತಿರುವ ಆ ಹುಳ ಹೊರಳಿತು. ಮರುದಿನ ಮುಖವನ್ನು ಗಂಭೀರ ಮಾಡಿಕೊಂಡು, ಸಂಜೆ ಬ್ಯಾಚಿನ ಒಬ್ಬ ಸೀನಿಯರ್ ನಮ್ಮ ಗುಂಪಿಗೆ ಸೇರಿದ್ದಾರೆ, ಹಗಲು ದೊಡ್ಡ ಕಂಪನಿಯಲ್ಲಿ ಕೆಲಸ, ಹಾಗಾಗಿ ಮೆಸೇಜಿನಲ್ಲಷ್ಟೇ ಸಿಗುತ್ತಾರೆ ಅಂತ ಘೋಷಿಸಿದೆ. ನನ್ನ ಬಳಿಯಿದ್ದ ಇನ್ನೊಂದು ಫೋನಿನ ನಂಬರಿನಿಂದ ಸೀನಿಯರ್ ಅವತರಿಸಿದರು: ‘ಬಾಯಿ ಸಾಕು, ಕೈ ಬರಲಿ. ಸಂಜೆಯೊಳಗೆ ಒಬ್ಬೊಬ್ಬರೂ ಐದು ಅಂಗಡಿ.’

ನಂಬುತ್ತೀಯಾ? ಮೂವರೂ ಓಡಿದರು! ಪರಿಚಯರಾಯ ಆರು ಅಂಗಡಿ ಮಾಡಿ ಬಂದ.

ಮೊದಲ ವಾರ ದಿಂಬಿಗೆ ಮುಖ ಒತ್ತಿಕೊಂಡು ನಕ್ಕೆ. ಬರಬರುತ್ತಾ ನಗು ಬತ್ತಿತು. ತಟ್ಟೆ ಸೋರುತ್ತಿದೆ ಅಂತ ನಾನು ಹೇಳಿದಾಗ ಸ್ಲೈಡಮ್ಮ, ‘ಸ್ವಲ್ಪ ಪಾಸಿಟಿವ್ ಆಗಿ ಯೋಚನೆ ಮಾಡೇ’ ಅಂದಳು. ಸೀನಿಯರ್ ಹೇಳಿದಾಗ ಅದೇ ತಟ್ಟೆಯನ್ನು ದೂರದೃಷ್ಟಿ ಹೆಗಲ ಮೇಲೆ ಹೊತ್ತು ವೆಲ್ಡಿಂಗ್ ಅಂಗಡಿಗೆ ನಡೆದ. ಮಾತು ಒಂದೇ, ಬೆರಳೂ ಒಂದೇ. ನಂಬರ್ ಮಾತ್ರ ಬೇರೆ. ಕೊನೆಗೆ ಸ್ಟ್ಯಾಂಡ್ ಚೆನ್ನಾಗಿಯೇ ಬಂತು. ಮೂರು ಅಂಗಡಿಯವರು ಕೊಂಡರು. ಸೀನಿಯರ್ ನಮ್ಮನ್ನೆಲ್ಲ ಅಭಿನಂದಿಸಿದರು. ನನ್ನನ್ನೂ.

ಆಮೇಲೆ ಗುಂಪಿನವರು ಒಬ್ಬರಿಗೊಬ್ಬರು ಅಂಕ ಕೊಡುವ ದಿನ ಬಂತು. ಸಂಜೆ ಬ್ಯಾಚಿನವರನ್ನು ನಮ್ಮ ಮೇಡಂ ನೋಡಿದವರೇ ಅಲ್ಲ, ಹಾಗಾಗಿ ಗುಂಪಿನ ಮಾತೇ ಅವರಿಗೆ ವೇದ. ಸೀನಿಯರ್‌ಗೆ ನೂರಕ್ಕೆ ತೊಂಬತ್ತೆಂಟು. ನನಗೆ ಮೂವತ್ತೊಂದು. ಪಾಸಾಗಲು ನಲವತ್ತು ಬೇಕು. ಪಕ್ಕದಲ್ಲಿ ಷರಾ ಬೇರೆ: ‘ಹೇಳಿದ್ದನ್ನು ತಪ್ಪದೆ ಮಾಡುತ್ತಾಳೆ. ನಾಯಕತ್ವದ ಗುಣ ಕಾಣಲಿಲ್ಲ.’ ಯಾರು ಹೇಳಿದ್ದನ್ನಮ್ಮ? ನಾನು ಹೇಳಿದ್ದನ್ನೇ! ತಮಾಷೆ ಕೆಡಬಾರದು ಅಂತ ಸೀನಿಯರ್‌ಗೆ ನೂರಕ್ಕೆ ನೂರು ಕೊಟ್ಟ ಮಹಾತಾಯಿಯೂ ನಾನೇ.

ತಡೆಯಲಾಗಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು, ಸೀನಿಯರ್ ಅನ್ನುವವರು ಯಾರೂ ಇಲ್ಲ, ಅದು ನಾನೇ ಅಂದೆ.  ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಸ್ಲೈಡಮ್ಮ ನನ್ನ ಬೆನ್ನು ಸವರಿ, ‘ಹೊಟ್ಟೆಕಿಚ್ಚು ಎಲ್ರಿಗೂ ಆಗುತ್ತೆ ಬಿಡೇ’ ಅಂದಳು. ಪರಿಚಯರಾಯನಂತೂ ಎದೆ ತಟ್ಟಿಕೊಂಡು, ‘ಮೇಡಂ, ನಾನು ಅವರ ಜೊತೆ ಟೀ ಕುಡಿದಿದ್ದೀನಿ. ಎತ್ತರದ ಆಸಾಮಿ, ಕನ್ನಡಕ ಇದೆ, ಸಕ್ಕರೆ ಕಮ್ಮಿ’ ಅಂದ. ಸಕ್ಕರೆ ಕಮ್ಮಿಯಂತೆ!

ನಾನು ಆ ಇನ್ನೊಂದು ಫೋನ್ ತೆಗೆದು ಮೇಡಂ ಮುಂದೆ ಇಟ್ಟೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಅವರ ಫೋನ್ ನಿನ್ನ ಹತ್ರ ಹೇಗೆ ಬಂತಮ್ಮಾ?’ ಅಂತ ಕೇಳಿದರು. ಈಗ ನನ್ನ ಮೇಲೆ ಎರಡು ಆರೋಪ: ಇಲ್ಲದ ಮನುಷ್ಯನ ಹೆಸರು ಕದ್ದದ್ದು, ಇಲ್ಲದ ಮನುಷ್ಯನ ಫೋನ್ ಕದ್ದದ್ದು. ಬರುವ ಸೋಮವಾರ ಹತ್ತು ಗಂಟೆಗೆ ಆ ನಂಬರ್ ಯಾರ ಹೆಸರಿನಲ್ಲಿದೆಯೋ ಅವರು ಖುದ್ದಾಗಿ ಬಂದು ನಿಜ ಹೇಳಬೇಕಂತೆ. ಬಾರದಿದ್ದರೆ ಮೂವತ್ತೊಂದೇ ಗಟ್ಟಿ, ನಿನ್ನ ಕೌಂಟರೇ ಗತಿ.

ನಗಬೇಡಮ್ಮ. ನಿನ್ನೆ ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಂಕ ಹೋದದ್ದಕ್ಕಲ್ಲ. ಆ ಮೂವರನ್ನೂ ಎಬ್ಬಿಸಿ ಓಡಿಸಿದವಳು ನಾನು. ನನ್ನ ಹೆಸರಿನಲ್ಲಿ ಮಾತ್ರ ಒಂದು ಸೊಳ್ಳೆಯನ್ನೂ ಎಬ್ಬಿಸಲಾಗಲಿಲ್ಲ.

ಇಂತಿ,
ನಿಜಕ್ಕೂ ಇರುವ ಲೀಡರ್,
ನಿನ್ನ ಕಪಿ

ಮರೆತ ವಿಷಯ: ತಮ್ಮನ ಕಿವಿ ಬಿಟ್ಟುಬಿಡು. ನಿನ್ನ ಹಳೆಯ ಫೋನನ್ನು ಅವನು ಕಳೆದುಹಾಕಿಲ್ಲ. ಇಷ್ಟು ದಿನ ಅದು ನನ್ನ ಪೆಟ್ಟಿಗೆಯಲ್ಲಿತ್ತು, ಈಗ ಮೇಡಂ ಮೇಜಿನ ಮೇಲಿದೆ. ಅದರ ನಂಬರ್ ಇನ್ನೂ ನಿನ್ನ ಹೆಸರಿನಲ್ಲೇ ಇದೆ. ಅಂದರೆ ದಾಖಲೆಯ ಪ್ರಕಾರ ಆ ಎತ್ತರದ, ಕನ್ನಡಕದ, ಸಕ್ಕರೆ ಕಮ್ಮಿಯ ಸೀನಿಯರ್ ನೀನೇ. ಮಾತೂ ನಿನ್ನದೇ. ಇಸ್ತ್ರಿ ಮೇಜಿನ ಹುಡುಗರಿಗೆ ದಿನಾ ‘ಬಾಯಿ ಸಾಕು, ಕೈ ಬರಲಿ’ ಅಂತ ನೀನು ಅನ್ನುವುದನ್ನೇ ನಾನು ಇವರಿಗೆ ಕಳಿಸುತ್ತಿದ್ದೆ. ಅದಕ್ಕೇ ನನಗೊಂದು ಭಯ: ಸೋಮವಾರ ನೀನು ಬಾಯಿ ತೆರೆದೊಡನೆ ಆ ಮೂವರು ಎದ್ದು ನಿಂತು ನಿನಗೇ ತೊಂಬತ್ತೆಂಟು ಕೊಟ್ಟುಬಿಟ್ಟಾರು. ಆದ್ದರಿಂದ ಏನನ್ನೂ ವಿವರಿಸಬೇಡ. ಒಳಗೆ ಬಂದವಳೇ ಎಲ್ಲರೆದುರು ನನ್ನನ್ನು ಮನೆಯಲ್ಲಿ ಬೈದ ಹಾಗೆ ಬೈ. ನಾನು ಮನೆಯಲ್ಲಿ ಕೊಡುವ ಹಾಗೆ ನಿನ್ನ ಧಾಟಿಯಲ್ಲೇ ಎದುರುತ್ತರ ಕೊಡುತ್ತೇನೆ. ಲೀಡರ್ ಯಾರು ಅಂತ ಆಗ ಅವರೇ ಕಿವಿಯಾರೆ ಕೇಳಲಿ.