ಬೇಡದ ಭಾಷೆ

ಬ್ಯಾಟರಾಯನಪುರ
೬ ನವೆಂಬರ್ ೨೦೨೪

ಪ್ರೀತಿಯ ನಾದಿನಿ ಮುನಿಕೆಂಪಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಬಾಗೇಪಲ್ಲಿ ಕಡೆ ಚಳಿ ಶುರುವಾಗಿರಬೇಕು, ನೆಲದ ಮೇಲೆ ಮಲಗಬೇಡ. ಮಗ, ಸೊಸೆ ನಿನ್ನ ಮಾತು ಕೇಳುತ್ತಾರೋ ಅಥವಾ ನೀನೇ ಅವರ ಮಾತು ಕೇಳುವಂತಾಗಿದೆಯೋ? ಫೋನು ಇರುವಾಗ ಭಾವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಎಂದು ನಗಬೇಡ. ಮನೆಯೊಳಗೆ ನಾನು ಫೋನಿನಲ್ಲಿ ಮಾತಾಡಿದರೆ ನಿಮ್ಮಕ್ಕ ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡು ಕೂರುತ್ತಾಳೆ. ಹೊರಗೆ ಬಂದು ಮಾತಾಡೋಣ ಎಂದರೆ ಬೇರೆ ಏನೇನೋ ಮಾತಾಡಿ, ಹೇಳಬೇಕಾದದ್ದನ್ನು ಬಿಟ್ಟು ಫೋನಿಟ್ಟುಬಿಡುತ್ತೇನೆ. ಅದಕ್ಕೇ ಆಟೋದ ಹಿಂದಿನ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಆಷಾಢದಲ್ಲಿ ಅವಳಿಗೆ ಲಕ್ವ ಹೊಡೆದಾಗ ನೀನು ಆಸ್ಪತ್ರೆಗೆ ಬಂದು ನೋಡಿ ಹೋದೆ. ಆಗ ಅವಳಿಗೆ ಯಾವ ಮಾತೂ ಇರಲಿಲ್ಲ. ದಸರಾ ಹೊತ್ತಿಗೆ ಮಾತು ಬಂತು. ನಾವು ಸಿಹಿ ಹಂಚುವುದೊಂದು ಬಾಕಿ. ಆದರೆ ಬಂದದ್ದು ಬರೀ ತೆಲುಗು, ನೀವಿಬ್ಬರೂ ಚಿಕ್ಕಂದಿನಲ್ಲಿ ಆಡಿದ ತೆಲುಗು. ಕನ್ನಡ ಒಂದಕ್ಷರವೂ ಬರಲಿಲ್ಲ. ಕೆಲವರಿಗೆ ಹೀಗಾಗುತ್ತದೆ, ಆಮೇಲೆ ಕಲಿತ ಭಾಷೆ ಹೊರಟುಹೋಗಿ ಹಾಲು ಕುಡಿಯುವಾಗ ಕೇಳಿದ್ದು ಮಾತ್ರ ಉಳಿಯುತ್ತದೆ ಎಂದರು ಡಾಕ್ಟರು. ಇವಳ ಕನ್ನಡ ಎಂಥದ್ದೆಂದು ನಿನಗೆ ಗೊತ್ತು. ಬೀದಿಯಲ್ಲಿ ಜಗಳಕ್ಕೆ ನಿಂತರೆ ನಮ್ಮಮ್ಮನೇ ಹಿಂದೆ ಸರಿಯುತ್ತಿದ್ದಳು. ಅಂಥವಳಿಗೆ ಈಗ ನಾನು ಊಟ ಮಾಡು ಎಂದರೂ ಯಾರೋ ಬಯ್ದ ಹಾಗೆ ಕೇಳಿಸುತ್ತದೆ, ಕಿವಿ ಮುಚ್ಚಿಕೊಳ್ಳುತ್ತಾಳೆ. ಶಿಲ್ಪನದು ಪುಣ್ಯ. ಕೆಲಸಕ್ಕೆ ಹೊರಡುವ ಮುಂಚೆ ಸ್ನಾನ ಮಾಡಿಸುತ್ತಾ ನಮ್ಮ ಮಗಳು 'ಅಮ್ಮಾ, ಅಮ್ಮಾ' ಎನ್ನುತ್ತಾಳೆ. ಆ ಒಂದು ಮಾತು ಎರಡು ಭಾಷೆಯಲ್ಲೂ ಒಂದೇ ಆದ್ದರಿಂದ ನಿಮ್ಮಕ್ಕ ಸುಮ್ಮನಿರುತ್ತಾಳೆ. ಗಂಡನನ್ನು ಕರೆಯುವ ಮಾತು ಹಾಗೆ ಯಾವುದೂ ಇಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅವಳಿಗೆ ಕೇಳಲು ತೆಲುಗಾದರೂ ಇರಲಿ ಎಂದು ಕೊಡಿಗೆಹಳ್ಳಿ ಗೇಟಿನ ಮುಬಶ್ಶಿರನ ಮೊಬೈಲ್ ಅಂಗಡಿಯಲ್ಲಿ ಒಂದು ಹಳೆಯ ಪೌರಾಣಿಕ ಸಿನಿಮಾವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಅದರಲ್ಲಿ ತೆಲುಗು, ಕನ್ನಡ ಎರಡೂ ಇದ್ದವು. ನಮ್ಮ ಹಾಳು ಟೀವಿ ಮಾತ್ರ ಹಾಕಿದಾಗಲೆಲ್ಲ ಕನ್ನಡದಲ್ಲೇ ಶುರುವಾಗುತ್ತಿತ್ತು. ನಾನು ರಿಮೋಟು ಒತ್ತಿ ಬದಲಾಯಿಸುವಷ್ಟರಲ್ಲಿ ಇವಳ ಚೀರಾಟ. ಕರೆಂಟು ಹೋಗಿ ಬಂದರೆ ಮತ್ತೆ ಮೊದಲಿಂದ. ಕೊನೆಗೆ ಮುಬಶ್ಶಿರನ ಹತ್ತಿರ ಹೋದೆ. ಅಲ್ಲಿ ನಮ್ಮ ಆಟೋ ಸ್ಟ್ಯಾಂಡಿನ ಕನ್ನಡ ಸಂಘದ ವಿಶ್ವನಾಥ ಫೋನಿಗೆ ಗ್ಲಾಸು ಹಾಕಿಸುತ್ತಾ ನಿಂತಿದ್ದ. ಪ್ರತಿವರ್ಷ ಬಾವುಟ ಕಟ್ಟುವ ನಾನು, ಬಾಡಿಗೆಗೆ ಹತ್ತಿದವರಿಗೆಲ್ಲ ಕನ್ನಡ ಮಾತಾಡಿ ಎಂದು ಪಾಠ ಹೇಳುವ ನಾನು, ಅವನೆದುರು ಕನ್ನಡ ತೆಗೆ ಎಂದು ಹೇಗೆ ಹೇಳಲಿ? 'ಬೇಡದ ಭಾಷೆ ತೆಗೆದಾಕಪ್ಪ' ಎಂದೆ. 'ಗೊತ್ತಾಯ್ತು ಅಣ್ಣಾ, ಚಿತ್ರ ಮುಟ್ಟಲ್ಲ, ಬರೀ ಧ್ವನಿ ಎತ್ತಾಕ್ತೀನಿ' ಎಂದು ಹುಡುಗ ಕಣ್ಣು ಮಿಟುಕಿಸಿದ. ಮನೆಗೆ ಬಂದು ಹಾಕಿದರೆ ರಾಜ, ರಾಣಿ, ಬಾಗಿಲು ಕಾಯುವವನು, ಎಲ್ಲರ ಬಾಯಲ್ಲೂ ಕನ್ನಡ. ರಿಮೋಟು ಎಷ್ಟು ಒತ್ತಿದರೂ ತೆಲುಗಿಲ್ಲ. ಅವಳು ಮಂಚದಿಂದ ಇಳಿಯಲು ಹೋಗಿ ಬಿದ್ದು ಹಣೆ ಒಡೆದುಕೊಂಡಳು. ಹೊಲಿಗೆ ಹಾಕಿಸಿದ್ದೇವೆ, ಗಾಬರಿಯಾಗಬೇಡ.

ಮರುದಿನ ಅಂಗಡಿಗೆ ಹೋಗಿ ಕೂಗಾಡಿದೆ. 'ನೀವು ಸಂಘದೋರಲ್ವಾ ಅಣ್ಣಾ, ತೆಲುಗೇ ಬೇಡ್ದೇ ಇರೋದು ಅನ್ಕೊಂಡೆ' ಎಂದ ಪಾಪ. ತಪ್ಪು ಅವನದಲ್ಲ. ಅಂಗಡಿ ತುಂಬ ಜನ ಇದ್ದರು, ಬೀದಿಗೆ ಕೇಳುವಂತೆ 'ಕನ್ನಡ ತೆಗಿ' ಎಂದೆ. ಎಲ್ಲರೂ ತಿರುಗಿ ನೋಡಿದರು. ಅವನು ಸಿನಿಮಾವನ್ನು ಮತ್ತೆ ಹಾಕಿ, ಕನ್ನಡ ತೆಗೆದುಕೊಟ್ಟ. ರಾಜ್ಯೋತ್ಸವಕ್ಕೂ ಈ ಸಲ ನಾನು ಹೋಗಲಿಲ್ಲ. ನಮ್ಮ ಬೀದಿಗೆ ಮೈಕು ಕಟ್ಟಬೇಡಿ ಎಂದು ವಿಶ್ವನಾಥನ ಕೈ ಹಿಡಿದುಕೊಂಡೆ. ಕಟ್ಟಲಿಲ್ಲ, ಆದರೆ ಈಗ ಸ್ಟ್ಯಾಂಡಿನಲ್ಲಿ ಅವನು ನನ್ನ ಮುಖ ನೋಡುವುದಿಲ್ಲ.

ಸಿನಿಮಾದಿಂದ ಸ್ವಲ್ಪ ನೆಮ್ಮದಿಯಾಯಿತು. ಹಾಕಿದರೆ ಎರಡು ತುತ್ತು ಹೆಚ್ಚು ಉಣ್ಣುತ್ತಾಳೆ. ರಾಣಿ ಏನಾದರೂ ಕೇಳಿದರೆ ಇವಳು ಉತ್ತರ ಕೊಡುತ್ತಾಳೆ, ಆದರೆ ರಾಣಿ ಇವಳ ಕಡೆ ತಿರುಗುವುದಿಲ್ಲ. ಅದನ್ನು ನೋಡಲಾಗದೆ ನಾನು, ಯಾಕೆ ಈ ದುಃಖ ಎಂದು ರಾಜ ರಾಣಿಯನ್ನು ಕೇಳುವ ಮಾತನ್ನು ಬಾಯಿಪಾಠ ಮಾಡಿ, ಗಂಜಿಯ ಬಟ್ಟಲು ಹಿಡಿದು ಮುಂದೆ ನಿಂತು ಹೇಳಿದೆ: 'ದೇವೀ, ಏಲ ಈ ವಿಚಾರಮು?' ನಿಮ್ಮಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು ಕಣಮ್ಮಾ! ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. ನನಗೆ ಅಳುವೇ ಬಂತು. ನಗು ನಿಂತ ಮೇಲೆ ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದಳು: 'ಮೀರು ಎವುರು?' ನೀವು ಯಾರು ಎಂದು. ಇಷ್ಟು ವರ್ಷ ನನ್ನನ್ನು 'ಯೋ' ಎಂದು ಕರೆದವಳು, ಸಿಟ್ಟು ಬಂದರೆ ಅದನ್ನೂ ಬಿಟ್ಟು ಬಾಯಿಗೆ ಬಂದದ್ದು ಅಂದವಳು, ನನಗೆ ನೀವು ಎಂದಳು. ಅದಕ್ಕಿಂತ ಅವಳು ಬಟ್ಟಲು ಎಸೆದಿದ್ದರೆ ಚೆನ್ನಾಗಿತ್ತು.

ಟೀವಿಯಿಂದ ಪ್ರಯೋಜನವಿಲ್ಲ, ತಿರುಗಿ ಮಾತಾಡುವವರು ಬೇಕು, ಇಲ್ಲದಿದ್ದರೆ ಉಳಿದ ಈ ಮಾತೂ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಶಿಲ್ಪ ಫೋನು ನೋಡಿ ನಾಲ್ಕು ಮಾತು ಕಲಿತಿದ್ದಾಳೆ. ನನ್ನ ನಾಲಿಗೆ ಈ ವಯಸ್ಸಿಗೆ ತಿರುಗುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನ ಭಾವ,
ಮುನಿನಾರಾಯಣಪ್ಪ

ತಾ.ಕ.: ಬರೆಯಬೇಕಾದದ್ದನ್ನೇ ಬರೆಯಲಿಲ್ಲ. ಸಂಜೆಯಾದರೆ ನನಗೆ ಕೈ ಮುಗಿದು 'ನನ್ನು ಮಾ ಊರಿಕಿ ಪಂಪಿಯ್ಯಂಡಿ' ಎನ್ನುತ್ತಾಳೆ. ನನ್ನನ್ನು ನಮ್ಮೂರಿಗೆ ಕಳಿಸಿಕೊಡಿ ಎಂದು, ಅಷ್ಟು ತೆಲುಗು ನನಗೂ ಅರ್ಥವಾಗುತ್ತದೆ. ಭಾನುವಾರ ಬಂದು ನಿಮ್ಮಕ್ಕನನ್ನು ಊರಿಗೆ ಕರೆದುಕೊಂಡು ಹೋಗು. ಶಿಲ್ಪ ಬಟ್ಟೆ, ಮಾತ್ರೆ ಎಲ್ಲ ಕಟ್ಟಿಟ್ಟಿದ್ದಾಳೆ. ನಾನು ಜೊತೆಗೆ ಬರುವುದಿಲ್ಲ, ದಾರಿಯುದ್ದಕ್ಕೂ ಹೆದರಿಕೊಳ್ಳುತ್ತಾಳೆ. 'ಹೋಗಿ ಬಾ' ಎನ್ನಲು ನಿಮ್ಮಲ್ಲಿ ಏನನ್ನುತ್ತಾರೆ? ಬರುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ. ಕನ್ನಡ ಅಕ್ಷರದಲ್ಲೇ ಬರಿ.