ನನ್ನ ಸೀಟಿನ ಮುಂದಿನ ಸ್ವಿಚ್ಚು

ರೀ,

ತಂಗಿಯ ಮಗುವನ್ನ ತೊಟ್ಟಿಲಿಗೆ ಹಾಕೋ ಹೊತ್ತಿಗೆ ಸೇರ್ಕೋಬೇಕು ಅಂತ ಪಾವಗಡದ ಬಸ್ಸಿಗೆ ಹೊರಟಿದ್ದೀನಿ. ನಿಮ್ಮ ಕಾರನ್ನ ನಂಬಲ್ಲ.

ಇಂಜಿನ್ ತಣ್ಣಗಿರಲಿ ಅಂತ ಬ್ಯಾಟರಿ ಫ್ಯಾನ್ ಹಾಕಿಸಿದಿರಿ, ಸಂತೋಷ. ಅದರ ಸ್ವಿಚ್ಚನ್ನ ನನ್ನ ಸೀಟಿನ ಮುಂದೆ ಯಾಕೆ ಕೂರಿಸಿದಿರಿ? ನಿಮ್ಮ ಕೈಗೆ ಹಾರನ್ ಒತ್ತೋದೊಂದೇ ಕೆಲಸವೇ? ಮೊನ್ನೆ ಕಳ್ಳಂಬೆಳ್ಳದಲ್ಲಿ ಇಂಜಿನ್ ಕುದ್ದು ಹಬೆ ಎದ್ದಾಗ, "ಇವ್ಳು ಸ್ವಿಚ್ ಹಾಕ್ಲೇ ಇಲ್ಲ ಕಣಣ್ಣ" ಅಂತ ದಾರೀಲಿ ಹೋಗೋರಿಗೆಲ್ಲ ದೂರು ಹೇಳಿದ್ರಿ.

ಸೊಪ್ಪಿನ ಸಾರು ಮುಚ್ಚಿಟ್ಟಿದ್ದೀನಿ. ಕಾರಿಗೆ ಒಂದು ಕೊಡ ನೀರು ಬಾಗಿಲ ಹತ್ರ ಇದೆ, ಮರೀಬೇಡಿ.

ಇವತ್ತು ನನ್ನ ಸೀಟಲ್ಲಿ ಅತ್ತೆಯವರನ್ನ ಕೂರಿಸ್ಕೊಂಡು ಬನ್ನಿ. ಇಂಜಿನ್ ಕುದ್ದರೆ ಅವರ ಮೇಲೂ ಹಂಗೇ ದೂರು ಹೇಳಿ, ನೋಡೋಣ.